ಕಾಲುವೆಯ ತಳ ಕಂಡ ದಿನ

ನಾನು ನಿಂತಿದ್ದು ನಮ್ಮೂರ ಉಪಕಾಲುವೆಯ ಸೇತುವೆಯ ಮೇಲೆ, ಸಿರುಗುಪ್ಪದ ಕಡೆಗೆ ಮುಖ ಮಾಡಿದರೆ ಎಡಗೈಗೆ ಬರುವ ಗೋಡೆಯ ಪಕ್ಕದಲ್ಲಿ. ಆ ಗೋಡೆ ನನ್ನ ಸೊಂಟದ ಮಟ್ಟಕ್ಕಿದೆ. ಯಾವುದೋ ಲಾರಿ ಗುದ್ದಿ ಅದರ ಒಂದು ಮೂಲೆ ಮುರಿದಿದೆ. ಆ ಮುರಿದ ಜಾಗಕ್ಕೆ ಎರಡೂ ಕೈ ಊರಿಕೊಂಡಿದ್ದೆ. ಕೊರೊನಾ ಕಳೆದು ಕಾಲೇಜುಗಳು ಪೂರಾ ತೆರೆದ ಮರುವರ್ಷ ಅದು. ದೀಪಾವಳಿ ಹತ್ತಿರ ಬಂದಿತ್ತು, ಭತ್ತ ತೆನೆ ಕಟ್ಟುತ್ತಿತ್ತು. ಹೊತ್ತು ಹುಟ್ಟಿ ಸ್ವಲ್ಪ ಹೊತ್ತಾಗಿತ್ತು. ಸಿರುಗುಪ್ಪಕ್ಕೆ ಹೋಗುವ ಮೊದಲ ಬಸ್ಸು ಸೇತುವೆಯ ಆಚೆ ಬದಿಗೆ ನಿಂತಿತ್ತು. ಅದರಲ್ಲಿದ್ದವರೆಲ್ಲ ಇಳಿದು ಬಂದು ನನ್ನ ಎಡಕ್ಕೂ ಬಲಕ್ಕೂ ಸಾಲಾಗಿ ನಿಂತಿದ್ದರು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ಇಳಿದು ಬಂದ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ದಿನದ ಸಂಗತಿ ಈಗ ಊರಿಂದ ಊರಿಗೆ ಬೇರೆ ಬೇರೆ ಆಗಿಹೋಗಿದೆ. ಮೊನ್ನೆ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ನಾನು ಚಹಾ ಕುಡಿಯುತ್ತಿದ್ದಾಗ, ಗುರುತಿಲ್ಲದ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: "ಆ ಕಾಲುವಿ ತಾನಾಗೇ ನಿಂತಿತ್ತಂತಲೇ. ಗೇಟು ಯಾರೂ ಮುಟ್ಟಿಲ್ಲಂತ. ಗಂಗಮ್ಮನೇ ಬಾಯಿ ಮುಚ್ಚಿದ್ಲಂತ."

ಕೇಳುತ್ತಿದ್ದವನು, "ಹೌದಾ! ಮತ್ತ ನಮ್ಮ ನಳದಾಗ ದಿನಾ ಮುಚ್ಚತಾಳಲ್ಲ, ಅದ್ಯಾವ ಗಂಗಮ್ಮಲೇ?" ಅಂದ. ಇಬ್ಬರೂ ನಕ್ಕರು.

ಆದರೆ ಕಾಲುವೆ ತಾನಾಗಿ ನಿಲ್ಲಲಿಲ್ಲ. ಮನುಷ್ಯರು ನಿಲ್ಲಿಸಿದರು. ನಿಲ್ಲಿಸಿದವರು ಯಾರೆಂದು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಆ ವಾರ ನಮ್ಮೂರ ಹುಡುಗಿಯೊಬ್ಬಳು ಕಾಣೆಯಾಗಿದ್ದಳು. ಹದಿನೇಳು ವರ್ಷ. ನಮ್ಮೂರು ಕುರುಗೋಡಿಗೂ ಸಿರುಗುಪ್ಪಕ್ಕೂ ನಡುವಿನ ಒಳರಸ್ತೆಯಲ್ಲಿದೆ; ಅವಳು ದಿನಾ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ ಎರಡನೇ ಪಿಯುಸಿ ಓದುತ್ತಿದ್ದಳು. ತಂದೆ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ತಾಯಿ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಹಚ್ಚುವ ಕಾಲದಲ್ಲಿ ಆ ಗುಂಪನ್ನು ಕರೆಯಲು ಸುತ್ತಲಿನ ರೈತರು ಅವರ ಮನೆ ಬಾಗಿಲಿಗೆ ಬಂದು ಕೂಡುತ್ತಾರೆ. ನಾನು ಕುರುಗೋಡಿನಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಅವಳ ಕಾಲೇಜಿನ ಅರ್ಜಿಗೆ ಫೋಟೋ ತೆಗೆದವನು ನಾನೇ. "ಹಲ್ಲು ಕಾಣಬಾರದು, ಬಾಯಿ ಮುಚ್ಚು" ಅಂದಿದ್ದೆ. "ಬಾಯಿ ಮುಚ್ಚಿದ್ರ ನಾನು ಅಂತ ಯಾರಿಗೆ ಗೊತ್ತಾಗತೈತಿ ಮಾವ?" ಅಂದಿದ್ದಳು. ಅವಳಿಗೆ ನಾನು ಸಂಬಂಧದಲ್ಲಿ ಮಾವನಲ್ಲ. ಊರಲ್ಲಿ ಕರೆಯುವ ರೂಢಿ.

ಕಾಣೆಯಾದ ದಿನ ಮಧ್ಯಾಹ್ನದ ಬಸ್ಸಿನಿಂದ ಅವಳು ಈ ಸೇತುವೆಯ ಹತ್ತಿರ ಇಳಿದಳು. ಕಂಡಕ್ಟರ್ ನೋಡಿದ್ದಾನೆ. ಇಳಿದವಳು ಅವಳೊಬ್ಬಳೇ. ಇಲ್ಲಿಂದ ಅವರ ಮನೆಗೆ ಕಾಲುವೆಯ ಏರಿಯ ಮೇಲೆ ನಡೆದರೆ ಕೂಗಳತೆಯ ದಾರಿ. ಆ ದಾರಿಯನ್ನು ಅವಳು ಮುಗಿಸಲಿಲ್ಲ. ಸಂಜೆ ಹೊಲದಿಂದ ಬಂದ ತಾಯಿ, ಗೆಳತಿಯ ಮನೆಯಲ್ಲಿರಬೇಕು ಅಂದುಕೊಂಡಳು. ಗೆಳತಿಯ ಮನೆಯಲ್ಲಿರಲಿಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. ಮರುದಿನ ಬೆಳಿಗ್ಗೆ, ಹೆಂಗಸರು ಬಟ್ಟೆ ಒಗೆಯುವ ಕಾಲುವೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಕಂಡವು. ನೀಲಿ ಪಟ್ಟಿಯವು. ಎರಡೂ ಜೋಡಿಯಾಗಿ, ನೀರಿನ ಕಡೆ ಮುಖ ಮಾಡಿ, ದೇವರ ಗುಡಿಯ ಮುಂದೆ ಬಿಟ್ಟ ಹಾಗೆ ಇದ್ದವು. ಅದನ್ನು ನೋಡಿದ ಯಾರಿಗೂ ಬೇರೆ ಏನೂ ಹೊಳೆಯಲಿಲ್ಲ. ತಾಯಿ ಮೆಟ್ಟಿಲ ಮೇಲೆ ಕೂತಳು. ಠಾಣೆಯವರು ಬಂದು ನೋಡಿ, ಅವರೂ ನೀರಿನ ಕಡೆಗೇ ನೋಡಿದರು.

ಅಕ್ಟೋಬರಿನ ಕಾಲುವೆ ಅಂಚು ಮುಟ್ಟಿ ಹರಿಯುತ್ತದೆ. ಕೆಂಚನಗುಡ್ಡದಿಂದ ಮೀನುಗಾರರನ್ನು ಕರೆಸಿದರು. ತುಂಗಭದ್ರೆಯಲ್ಲಿ ಹುಟ್ಟಿ ಬೆಳೆದವರು, ಹರಿಗೋಲು ಟೆಂಪೋದ ಮೇಲೆ ಹಾಕಿಕೊಂಡು ಬಂದಿದ್ದರು. ಅವರಲ್ಲಿ ಹಿರಿಯನಾದವನು ನೀರಿಗೆ ಕೈ ಇಟ್ಟು ಅದರ ಎಳೆತ ನೋಡಿದ. ಆಮೇಲೆ, "ಹೊಳಿ ನಮ್ಮ ಮಾತು ಕೇಳತೈತ್ರಿ. ಅದರಾಗ ಸುಳಿ ಇರ್ತಾವು, ನಿಲ್ಲೋ ಜಾಗ ಇರ್ತಾವು. ಇದು ಕಟ್ಟಿದ ನೀರು, ಒಂದೇ ಸವನ ಎಳೀತೈತಿ. ಇದರಾಗ ಬೀಸಿದ ಬಲಿ ನಿಲ್ಲಂಗಿಲ್ಲ. ನೀರು ಬಂದ್ ಮಾಡಿಸಿದ್ರ ಮಾತ್ರ ಆಗತೈತಿ" ಅಂದ.

ನೀರು ಬಂದ್ ಮಾಡಿಸುವುದು ಅಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ನಮ್ಮೂರಿನ ಕೆಳಗೆ ಕಾಲುವೆ ಮುಗಿಯುವ ಕಡೆ ಇನ್ನೊಂದು ಊರಿದೆ. ಅದನ್ನು ನಾವು ಕೊನೆಯೂರು ಅನ್ನುತ್ತೇವೆ. ಮೇಲಿನವರೆಲ್ಲ ತಮ್ಮ ಹೊಲಕ್ಕೆ ಉಣಿಸಿಕೊಂಡ ಮೇಲೆ ಉಳಿದ ನೀರು ಅವರದು. ಅವರಿಗೂ ನಮಗೂ ವರ್ಷವರ್ಷವೂ ಜಗಳ. ತೂಬು ಒಡೆದದ್ದು, ಕೊಡಲಿ ಎತ್ತಿದ್ದು, ಒಂದು ಕಾಲದಲ್ಲಿ ಬೀಗತನವನ್ನೇ ನಿಲ್ಲಿಸಿದ್ದು, ಎಲ್ಲಾ ಆಗಿದೆ. ಆ ವಾರ ಬಹಳ ಕಾಯ್ದ ಮೇಲೆ ಅವರ ಪಾಳಿ ಬಂದಿತ್ತು. ತೆನೆಗೆ ಹಾಲು ತುಂಬುವ ಹೊತ್ತು. ಆಗ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ, ಜೊಳ್ಳಾಗುತ್ತದೆ. ಗೇಟು ಇಳಿಸಬೇಕಾದರೆ ಕೊನೆಯೂರಿನವರು ಒಪ್ಪಬೇಕು, ಇಲ್ಲದಿದ್ದರೆ ತಮ್ಮ ಕೈಯಲ್ಲಿಲ್ಲ ಎಂದು ನೀರಾವರಿಯವರು ಅಂದರು.

ಯಾರು ಹೋಗಿ ಕೇಳಬೇಕು ಎಂದು ನಮ್ಮವರು ಮಾತಾಡುತ್ತಿರುವಾಗಲೇ ಎರಡು ಟ್ರ್ಯಾಕ್ಟರ್ ತುಂಬ ಅವರೇ ಬಂದರು. ಸುದ್ದಿ ಹೇಗೋ ಮುಟ್ಟಿತ್ತು. ನಮ್ಮ ಹುಡುಗರು ಸೇತುವೆಯ ಮೇಲೆ ಅಡ್ಡ ನಿಂತರು.

ಮುಂದಿನ ಟ್ರ್ಯಾಕ್ಟರಿನಿಂದ ಇಳಿದವನು ಅವರೂರ ಹಿರಿಯ. ಉದ್ದನೆಯ ಆಳು, ತಲೆಗೆ ಕೆಂಪು ಟವೆಲ್ಲು. ಅರ್ಧ ಕನ್ನಡ, ಅರ್ಧ ತೆಲುಗು ಮಾತು. ನಮ್ಮ ಹುಡುಗನೊಬ್ಬ, "ಏನಜ್ಜಾ, ಹೆಣ ಹುಡುಕೋ ಹೊತ್ತಿನಾಗೂ ನೀರಿನ ಲೆಕ್ಕ ಕೇಳಾಕ ಬಂದ್ಯಾ?" ಅಂದ.

"ಯಾರ ಮಗನಲೇ ನೀನು?"

ಹುಡುಗ ತಂದೆಯ ಹೆಸರು ಹೇಳಿದ.

"ಹಂಗಾರ ಮನಿಗೆ ಹೋಗಿ ನಿಮ್ಮಪ್ಪನ ತಲಿ ಮುಟ್ಟಿ ನೋಡು. ಎಡಕ್ಕ ಒಂದು ತಗ್ಗು ಐತಿ. ಇದೇ ಕಾಲುವಿ ಏರಿ ಮ್ಯಾಲೆ ನಾನೇ ಮಾಡಿದ್ದು. ಅದನ್ನ ನಾ ಮರತಿಲ್ಲ, ಅವನೂ ಮರತಿಲ್ಲ. ಈಗ ಪಕ್ಕಕ್ಕ ಸರಿ."

ಹುಡುಗ ಸರಿದ. ಹಿರಿಯ ಮೆಟ್ಟಿಲ ತನಕ ಇಳಿದು ಹೋದ. ಹುಡುಗಿಯ ತಾಯಿ ಅಲ್ಲೇ ಕೂತಿದ್ದಳು. ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ಈ ನೀರೇ ನಮ್ಮ ಕೆರಿಗೆ ಬರತೈತಿ. ಅದನ್ನೇ ನಮ್ಮ ಮಕ್ಕಳು ಕುಡೀತಾವು. ಇದರಾಗ ನಿನ್ನ ಅಮ್ಮಾಯಿ ಇದ್ದಾಳಂದ್ರ, ಒಂದು ಬಿಂದಿಗಿ ನೀರು ನಾವು ಹೆಂಗ ಎತ್ತಾಣ?" ಅಂದ. ಆಮೇಲೆ ತಲೆ ಎತ್ತಿ, ಗೇಟು ನೋಡಿಕೊಳ್ಳುವ ಸೌಡಿಯನ್ನು ಹುಡುಕಿ, "ಇಳಿಸಪ್ಪಾ ಗೇಟು" ಅಂದ.

ಸೌಡಿ ನಂಬಲಿಲ್ಲ. "ನಿಮ್ಮ ಪಾಳಿ ಐತ್ರಿ," ಅಂದ.

"ನಮ್ಮ ಪಾಳಿ ಅಂತಲೇ ಹೇಳಾಕ ಹತ್ತೀನಿ. ನಿಮ್ಮ ಪಾಳಿ ಇದ್ದಿದ್ರ ನಾ ಯಾಕ ಬರತಿದ್ದೆ?"

ಅಂದು ಮಧ್ಯಾಹ್ನ ಗೇಟು ಇಳಿಯಿತು. ಚಕ್ರ ತಿರುಗಿಸುವಾಗ ಸೌಡಿಯ ಜೊತೆ ಕೊನೆಯೂರಿನ ಇಬ್ಬರು ಕೈ ಹಾಕಿದರು. ಅದು ನಾನು ಕಣ್ಣಾರೆ ಕಂಡದ್ದು.

ಮರುದಿನ ಬೆಳಿಗ್ಗೆ ಕಾಲುವೆಯ ತಳ ಕಂಡಿತು. ಆಗಲೇ ನಾನು ಮೊದಲು ಹೇಳಿದ ಜಾಗದಲ್ಲಿ ನಿಂತಿದ್ದು.

ಬೇಸಿಗೆಯಲ್ಲಿ ಕಾಲುವೆ ಬಂದಾದಾಗ ತಳ ನೋಡಿದವನೇ ನಾನು. ಆಗ ಅದು ಒಡೆದ ಮಣ್ಣು, ಕಸ, ಆಡು ಮೇಯುವ ಜಾಗ. ಇದು ಬೇರೆ. ನೀರು ಇದ್ದಕ್ಕಿದ್ದಂತೆ ಎದ್ದು ಹೋದ ತಳ, ಇನ್ನೂ ಒದ್ದೆ ಇತ್ತು, ಹೊಳೆಯುತ್ತಿತ್ತು. ಎರಡೂ ಬದಿಯ ಹೊಲಗಳು ಹಸಿರಾಗಿ ತುಂಬಿ ನಿಂತಿದ್ದವು, ನಡುವೆ ಈ ಕರಿಯ ಉದ್ದನೆಯ ದಾರಿ ಕೊನೆಯೂರಿನ ದಿಕ್ಕಿಗೆ ಕಣ್ಣು ಹೋಗುವ ತನಕ ಹೋಗಿತ್ತು. ಅದರ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಕಾಲುವೆ ಬಂದಾದರೆ ಸಾಕು, ಬುಟ್ಟಿ, ಸೀರೆ, ಸೊಳ್ಳೆಪರದೆ ಹಿಡಿದು ಮೀನಿಗೆ ಓಡುವ ಜನ ನಮ್ಮವರು. ಅವತ್ತು ಒಬ್ಬನೂ ಒಂದು ಮೀನಿಗೂ ಬಗ್ಗಲಿಲ್ಲ. ಬೆಳ್ಳಕ್ಕಿಗಳು ಬಂದು ತಿಂದವು.

ಮೊದಲು ಇಳಿದವರು ಗಂಡಸರು. ಕೈ ಕೈ ಹಿಡಿದು ಈ ದಂಡೆಯಿಂದ ಆ ದಂಡೆಗೆ ಸಾಲು ಮಾಡಿ ಹೊರಟರು. ಕೆಸರಿನಲ್ಲಿ ಒಬ್ಬ ಜಾರಿದರೆ ಸಾಲು ಹರಿಯುತ್ತಿತ್ತು. ಸೇರಿಸುವಷ್ಟರಲ್ಲಿ ನಡುವೆ ಜಾಗ ಬಿಟ್ಟುಹೋಗುತ್ತಿತ್ತು. ಆಗ ಹುಡುಗಿಯ ತಾಯಿ ಎದ್ದಳು. ಸೀರೆಯನ್ನು ಎತ್ತಿ ಕಚ್ಚೆ ಹಾಕಿಕೊಂಡು ತಳಕ್ಕೆ ಇಳಿದಳು. ಅವಳ ಗುಂಪಿನ ಹೆಂಗಸರು ಅವಳನ್ನು ನೋಡಿದರು, ತಾವೂ ಇಳಿದರು. ಅವರ ಹಿಂದೆ ಕೊನೆಯೂರಿನ ಹೆಂಗಸರೂ ಇಳಿದರು.

ಸಸಿ ಹಚ್ಚುವವರ ಒಂದು ಪದ್ಧತಿ ಇದೆ. ತನ್ನ ಎರಡು ಕೈ ಎಟಕುವಷ್ಟು ಅಗಲ ಒಬ್ಬೊಬ್ಬಳದು. ಅದರಲ್ಲಿ ಒಂದು ಗೇಣೂ ಬರಿದು ಬಿಡಬಾರದು. ಒಬ್ಬಳು ಮುಂದೆ ಹೋಗುವಂತಿಲ್ಲ, ಒಬ್ಬಳು ಹಿಂದೆ ಉಳಿಯುವಂತಿಲ್ಲ. ಅವರು ಹಾಗೆಯೇ ನಿಂತರು, ಹಾಗೆಯೇ ಬಗ್ಗಿದರು. ಕೈಯನ್ನು ಮೊಣಕೈ ತನಕ ಕೆಸರಿಗೆ ಇಳಿಸಿ ಎತ್ತುತ್ತ, ಇಳಿಸಿ ಎತ್ತುತ್ತ ಹೊರಟರು. ಹಚ್ಚುವಾಗ ಹಿಂದಕ್ಕೆ ಸರಿಯುತ್ತಾರೆ. ಈಗ ಮುಂದಕ್ಕೆ ಹೋಗುತ್ತಿದ್ದರು. ಹಚ್ಚುವಾಗ ಹಾಡುತ್ತಾರೆ, ಇಲ್ಲವೆ ಒಬ್ಬಳ ಗಂಡನನ್ನು ಇನ್ನೊಬ್ಬಳು ಆಡಿಕೊಂಡು ನಗುತ್ತಾರೆ. ಈಗ ಕೆಸರಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಸೇತುವೆಯ ಮೇಲೆ ಅಷ್ಟು ಜನ ನಿಂತಿದ್ದೆವು, ಎಲ್ಲರಿಗೂ ಆ ಸದ್ದು ಕೇಳುತ್ತಿತ್ತು. ನನ್ನ ಪಕ್ಕದಲ್ಲಿದ್ದ ಡ್ರೈವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನನ್ನ ಹೆಗಲಿಗೆ ಕ್ಯಾಮರಾ ಇತ್ತು. ಅದು ಹೆಗಲಲ್ಲೇ ಇತ್ತು.

ಕೈಗೆ ಏನಾದರೂ ತಗುಲಿದರೆ ಒಬ್ಬಳು "ಹಾಂ" ಅನ್ನುತ್ತಿದ್ದಳು. ಸಾಲು ನಿಲ್ಲುತ್ತಿತ್ತು. ತಗುಲಿದ್ದನ್ನು ಅವಳು ಎತ್ತಿ ತೋರಿಸುತ್ತಿದ್ದಳು. ಹೊಸ ನೀರು ಬಂದಾಗ ಗಂಗಮ್ಮನಿಗೆ ಬಿಟ್ಟ ಹಸಿರು ಬಳೆಗಳು ಬಂದವು. ಮುಳುಗಿಸಿದ ಗಣಪತಿಯ ಹಲಗೆ ಬಂತು. ಯಾರ ಮನೆಯದೋ ರುಬ್ಬುವ ಕಲ್ಲು. ಒಂದು ಬೈಕು, ಪೂರಾ ಬೈಕು. ಇಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ. ಒಮ್ಮೆ ಒಂದು ದುಪಟ್ಟಾ ಬಂತು. ತಾಯಿ ಅದನ್ನು ಕೈಗೆ ತೆಗೆದುಕೊಂಡು, ಕೆಸರು ಹಿಂಡಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು. "ಅಲ್ಲ" ಅಂದಳು. ದಂಡೆಗೆ ಎಸೆದು ಮತ್ತೆ ಬಗ್ಗಿದಳು.

ಬಿಸಿಲು ಏರಿದ ಮೇಲೆ, ಬಳ್ಳಾರಿಯಿಂದ ಕುರುಗೋಡಿನ ಮೇಲೆ ಬರುವ ಬಸ್ಸು ಬಂತು. ಅದರಿಂದ ಒಬ್ಬ ಅಜ್ಜಿ ಇಳಿದಳು. ಸೇತುವೆಯ ಆಚೆ ತೋಟದಲ್ಲಿರುವವಳು. ಕಿವಿ ಮಂದ. ಹಲಕುಂದಿಯಲ್ಲಿರುವ ಮಗಳ ಮನೆಗೆ ಹೋಗಿದ್ದಳು. ಹುಡುಗಿ ಕಾಣೆಯಾದ ಮರುದಿನ ಬೆಳಗಾಗುತ್ತಲೇ ಬಸ್ಸು ಹತ್ತಿದವಳು ಈಗ ಬರುತ್ತಿದ್ದಳು. ಕೆಳಗೆ ನೋಡಿ ಬಾಯಿ ತೆರೆದು ನಿಂತಳು.

"ಏನ್ ನಡದೈತೋ ತಮ್ಮಾ? ಕಾಲುವಿಗೆ ನೀರ್ಯಾಕಿಲ್ಲ? ಹೆಂಗಸರು ತಳದಾಗ ಏನ್ ಹಚ್ಚಾಕ ಹತ್ಯಾರ?"

ನಾನು ಅವಳ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ಮೆಟ್ಟಿಲ ಮೇಲೆ ಚಪ್ಪಲಿ ಜೋಡಿಯಾಗಿ ಸಿಕ್ಕದ್ದನ್ನೂ ಹೇಳಿದೆ.

"ಯಾವ ಚಪ್ಪಲಿ? ನೀಲಿ ಪಟ್ಟಿವಾ?"

"ಹೂಂ ಅಜ್ಜಿ."

ಅವಳು ಕೈಯಲ್ಲಿದ್ದ ಚೀಲ ಬಿಟ್ಟಳು. "ಅಯ್ಯೋ ನನ್ನಪ್ಪಾ. ಅವನ್ನ ಜೋಡಿಸಿದಾಕಿ ನಾನಲ್ಲೇನೋ!"

"ಎಲ್ಲಿ ಇದ್ವು ಅಜ್ಜಿ? ಮೆಟ್ಟಲ ಮ್ಯಾಲೆ ಇರಲಿಲ್ಲಾ?"

"ಎಲ್ಲೀ ಮೆಟ್ಟಲೋ? ಒಂದು ಇಲ್ಲಿ, ರೋಡಿನ ಮ್ಯಾಲೆ ಬೋರಲು ಬಿದ್ದಿತ್ತು. ಇನ್ನೊಂದು ಆ ಜಾಲಿಗಿಡದ ಹತ್ರ. ಬಸ್ಸಿಗೆ ಬಂದಾಕಿ ನೋಡಿದೆ. ಯಾರ ಮನಿಯಾಗ ಏನ್ ಜಗಳ ಹಚ್ಚತಾವೋ ಅಂತ ತಿರುವಿದೆ. ಗಾಡಿಗೆ ಸಿಕ್ಕಾವು ಅಂತ ತಂದು ಮೆಟ್ಟಲ ಮ್ಯಾಲೆ ಇಟ್ಟೆ. ಬಟ್ಟಿ ಒಗಿಯಾಕ ಬಂದಾಕಿ ಯಾರೋ ಬಿಟ್ಟು ಹೋಗ್ಯಾಳ ಅಂದ್ಕಂಡೆ."

ನಮ್ಮ ಕಡೆ ಬೋರಲು ಬಿದ್ದ ಚಪ್ಪಲಿಯನ್ನು ಹಾಗೇ ಬಿಟ್ಟು ಯಾರೂ ಮುಂದೆ ಹೋಗುವುದಿಲ್ಲ. ಅದು ಯಾರದೇ ಇರಲಿ, ತಿರುಗಿಸಿ ಜೋಡಿ ಮಾಡಿಯೇ ಹೋಗುವುದು. ಹೀಗೆ ಮಾಡಿದೆ ಎಂದು ಆಮೇಲೆ ನೆನಪೂ ಇರುವುದಿಲ್ಲ. ಊರಿಗೆ ಊರೇ ನೀರಿನ ಕಡೆ ನೋಡುವ ಹಾಗೆ ಮಾಡಿದ್ದು ಆ ಜೋಡಿ. ನಾವೆಲ್ಲ ನೀರನ್ನು ನೋಡುತ್ತಿದ್ದಾಗ ಈ ರಸ್ತೆಯ ಮೇಲೆ ಭತ್ತದ ಲಾರಿಗಳು, ಹೊರಗಿನಿಂದ ಬಂದ ಕೊಯ್ಲಿನ ಯಂತ್ರಗಳು, ಕಾರು, ಟೆಂಪೋ ತಮ್ಮ ಪಾಡಿಗೆ ಹೋಗುತ್ತಿದ್ದವು. ಯಾರೂ ಒಂದನ್ನೂ ನಿಲ್ಲಿಸಿ ಕೇಳಿರಲಿಲ್ಲ.

ನಾನು ಅಜ್ಜಿಯನ್ನು ಕೈ ಹಿಡಿದು ಏರಿಯ ಮೇಲೆ ನಡೆಸಿಕೊಂಡು ಸಾಲಿನ ಹತ್ತಿರ ಹೋದೆ. ಅವಳೇ ಹೇಳಲಿ ಎಂದು. ಅಲ್ಲಿ ನಿಂತು ಅವಳು ನನಗೆ ಹೇಳಿದ್ದನ್ನೇ ಹೇಳಿದಳು, ಹೇಳುತ್ತ ಹಣೆ ಹಣೆ ಬಡಿದುಕೊಂಡಳು. ಸಾಲು ನಿಂತಿತ್ತು. ಎಲ್ಲರ ಮುಖವೂ ಮೇಲಕ್ಕೆ, ನಮ್ಮ ಕಡೆಗೆ ತಿರುಗಿತ್ತು.

ಹುಡುಗಿಯ ದೊಡ್ಡಪ್ಪ ಏರಿಯ ಮೇಲೆ ಇದ್ದ. ಅವನೇ ಮೊದಲು ಬಾಯಿ ತೆರೆದದ್ದು. "ಈ ಮುದುಕಿ ಮಾತು ಕಟ್ಟಿಕೊಂಡು ಏನ್ ಮಾಡ್ತೀರಿ? ಅದಕ್ಕ ಕಿವಿ ಕೇಳಂಗಿಲ್ಲ, ಕಣ್ಣು ಕಾಣಂಗಿಲ್ಲ. ನೀರಿಗೆ ಹೋದ್ಲಂದ್ರ ಊರು ಅಳತೈತಿ. ರೋಡ್ ಹಿಡದ್ಲಂದ್ರ ಊರು ನಗತೈತಿ. ತಿಳಕಳ್ರಿ."

ತಾಯಿ ಕೆಸರಿನ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು. "ನಗಲಿ ಬಿಡ್ರಿ ಭಾವ," ಅಂದಳು. "ಊರು ನಗತೈತಿ ಅಂದ್ರ ನನ್ನ ಮಗಳು ಎಲ್ಲೋ ಅದಾಳ ಅಂತಾಯ್ತಲ್ಲ. ಎಷ್ಟು ಬೇಕೋ ಅಷ್ಟು ನಗಲಿ."

ಆಮೇಲೆ ದಂಡೆ ಹತ್ತಿ ಅಜ್ಜಿಯ ಹತ್ತಿರ ಬಂದಳು. ಅವಳು ಅಜ್ಜಿಯ ಎರಡೂ ಕೈಗಳನ್ನು ಹಣೆಯಿಂದ ಬಿಡಿಸಿ ಹಿಡಿದುಕೊಂಡು, "ಬಡ್ಕೋಬ್ಯಾಡ ಯವ್ವಾ. ನೀ ತಿರುವದಿದ್ರ ನಿನ್ನ ಹಿಂದ ಬಂದಾಕಿ ತಿರುವತಿದ್ಲು. ನಾನು ಬಂದಿದ್ರ ನಾನೂ ತಿರುವತಿದ್ದೆ" ಅಂದಳು. ಅಜ್ಜಿಗೆ ಕೇಳಲಿಲ್ಲ. ಅವಳು ಕಿವಿಯ ಹತ್ತಿರ ಬಾಯಿ ಇಟ್ಟು ಮತ್ತೊಮ್ಮೆ, ಗಟ್ಟಿಯಾಗಿ, ಅದನ್ನೇ ಹೇಳಿದಳು. ಎರಡು ಊರಿನ ಜನ ಆ ಮಾತನ್ನು ಎರಡು ಸಲ ಕೇಳಿದರು.

ಕೊನೆಯೂರಿನ ಹಿರಿಯನಿಗೆ ಅವಳು, "ನೀರು ಬಿಡಸ್ರಿ ಮಾವ. ನಿಮ್ಮ ನೆಲ್ಲು ಒಣಗತಾವು" ಅಂದಳು.

ಹಿರಿಯ ಕಾಲುವೆಯ ಉಳಿದ ಭಾಗವನ್ನು ನೋಡಿದ. ಅರ್ಧದಷ್ಟು ಉಳಿದಿತ್ತು. "ಹಚ್ಚಾಕ ಹಿಡಿದ ಮಡಿ ಅರ್ಧಕ್ಕ ಬಿಟ್ಟು ಏಳತೀರೇನಮ್ಮಾ ನೀವು? ಇವತ್ತು ಬಿಟ್ರ, ನಾಳೆ ಒಂದಿನ ನಿನ್ನ ಮನಸ್ಸೇ ನಿನ್ನ ಕೇಳತೈತಿ, ಮುಂದಿಂದು ನೋಡಿದ್ಯೇನು ಅಂತ. ನಡಿ. ಮುಗಿಸಿ ಬಿಡಾಣ."

ಠಾಣೆಯವರು ರಸ್ತೆಯ ಕಡೆ ವಿಚಾರಿಸಲು ಹೋದರು. ಅವರ ಜೊತೆ ತಂದೆ ಹೋದ. ಹೆಂಗಸರು ಮತ್ತೆ ಬಗ್ಗಿದರು. ಸಂಜೆಯ ಹೊತ್ತಿಗೆ ಕೊನೆಯೂರಿನ ಕೆರೆಯ ಬಾಯಿ ಮುಟ್ಟಿದರು. ಕಾಲುವೆಯ ಉದ್ದಗಲದಲ್ಲಿ ಕೈ ಇಳಿಯದ ಒಂದು ಗೇಣು ಉಳಿದಿರಲಿಲ್ಲ. ಅವಳು ಅಲ್ಲಿರಲಿಲ್ಲ. ಅಂದೇ ಗೇಟು ಎತ್ತಿದರು.

ಇಲ್ಲಿಂದ ಮುಂದೆ ನನಗೆ ಗೊತ್ತಿರುವುದು ಕಡಿಮೆ. ಅವಳು ರಸ್ತೆಯಲ್ಲಿ ಹೋದಳು ಎಂದು ನಾನು ಹೇಳುವುದಿಲ್ಲ. ಚಪ್ಪಲಿಯನ್ನು ನಾಯಿ ಎಳೆದಿರಬಹುದು. ಓಡುವಾಗ ಕಳಚಿರಬಹುದು. ಯಾರಾದರೂ ಎಳೆದಿರಬಹುದು. ನೋಡಿದವರಿಲ್ಲ. ಠಾಣೆಯಲ್ಲಿ ಈಗಲೂ ಅವಳು ಕಾಣೆಯಾದವಳು, ಅಷ್ಟೆ.

ನಾನು ನನ್ನ ಹತ್ತಿರವಿದ್ದ ಫೋಟೋ ಹಾಕಿ ಪೋಸ್ಟರ್ ಮಾಡಿದೆ. "ಇದು ಅಕಿ ಹಂಗ ಇಲ್ಲ. ಅಕಿ ಬಾಯಿ ಮುಚ್ಚಿದ್ದು ನಾ ಯಾವತ್ತೂ ನೋಡಿಲ್ಲ" ಅಂದಳು ತಾಯಿ. ಬೇರೆ ಫೋಟೋ ಇರಲಿಲ್ಲ. ಅದನ್ನೇ ಹಿಡಿದು ಬಳ್ಳಾರಿಗೆ ಹೋದೆವು. ಬಸ್ ನಿಲ್ದಾಣ, ರೈಲು ನಿಲ್ದಾಣ, ಜೀನ್ಸ್ ಹೊಲಿಯುವ ಓಣಿಗಳು. ಹಳ್ಳಿಯ ಎಷ್ಟೋ ಹುಡುಗಿಯರು ಅಲ್ಲಿ ಕೆಲಸ ಮಾಡುತ್ತಾರೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ತಾಯಿ ಓಣಿಯ ತಿರುವಿನಲ್ಲಿ ನಿಂತು ಒಂದೊಂದೇ ಮುಖ ನೋಡಿದಳು. ಕೂದಲಿಗೆ ನೀಲಿ ದಾರದ ಪುಡಿ ಹತ್ತಿದ ಒಬ್ಬ ಹುಡುಗಿ ನಿಂತು ಪೋಸ್ಟರ್ ಓದಿ, ತನ್ನ ಡಬ್ಬಿಯ ರೊಟ್ಟಿ ಮುರಿದು ಅರ್ಧ ಅವಳ ಕೈಗೆ ಇಟ್ಟಳು.

"ನಿಮ್ಮವ್ವಗ ಫೋನ್ ಮಾಡ್ತೀಯೇನವಾ?" ಎಂದು ತಾಯಿ ಕೇಳಿದಳು.

"ಐತ್ವಾರ ಮಾಡ್ತೀನಿ. ದಿನಾ ಮಾಡಿದ್ರ ಬೈತಾಳ, ಕರೆನ್ಸಿ ಸುಡಬ್ಯಾಡ ಅಂತ."

"ಬೈಲಿ. ಇವತ್ತ ಮಾಡು."

ಹುಡುಗಿ ಅಲ್ಲೇ ನಿಂತು ಫೋನ್ ತೆಗೆದಳು.

ವರ್ಷಗಳು ಹೋದವು. ಕೊನೆಯೂರಿನ ಭತ್ತದಲ್ಲಿ ಆ ಸಲ ಜೊಳ್ಳು ಬಹಳ ಎಂದು ಗಿರಣಿಯಲ್ಲಿ ಕೇಳಿದೆ. ಅವರು ನಮ್ಮೂರಿನವರ ಎದುರು ಅದನ್ನು ಇದುವರೆಗೆ ಎತ್ತಿ ಆಡಿಲ್ಲ. ನೀರಿನ ಜಗಳ ಈಗಲೂ ಆಗುತ್ತದೆ. ಹಳೆಯದೆಲ್ಲ ಎತ್ತಿ ಬಯ್ದಾಡುತ್ತಾರೆ. ಅದೊಂದನ್ನು ಬಿಟ್ಟು.

ಕಳೆದ ವರ್ಷ ಹುಡುಗಿಯ ದೊಡ್ಡಪ್ಪನ ಮಗನ ಮದುವೆ ಗೊತ್ತಾಯಿತು. ಮನೆಯ ಹೆಣ್ಣುಮಗಳು ಸತ್ತಳೋ ಇದ್ದಾಳೋ ತಿಳಿಯದಿದ್ದರೆ ಶುಭಕಾರ್ಯ ಮಾಡುವುದು ಹೇಗೆ ಎಂದು ಬೀಗರು ಕೇಳಿದರಂತೆ. ಸಿಗದೇ ಹೋದವರ ಹೆಸರಲ್ಲಿ ಹಿಟ್ಟಿನ ಗೊಂಬೆ ಮಾಡಿ ಮಣ್ಣು ಕೊಟ್ಟು, ಊರಿಗೆ ಉಣಿಸಿದರೆ ಸೂತಕ ಕಳೆಯುತ್ತದೆ ಎಂಬುದೊಂದು ರೂಢಿ ಇದೆ. ಉಂಡವರು ಆ ಸಾವನ್ನು ಒಪ್ಪಿದ ಹಾಗೆ. ದೊಡ್ಡಪ್ಪ ತಂದೆಯನ್ನು ಕರೆದುಕೊಂಡು ನನ್ನ ಸ್ಟುಡಿಯೋಕ್ಕೆ ಬಂದ. ಫೋಟೋ ದೊಡ್ಡದು ಮಾಡಿಕೊಡು, ಹಾರ ಹಾಕಬೇಕು ಅಂದ. ತಂದೆ ಬೀದಿಯ ಕಡೆ ನೋಡುತ್ತ ನಿಂತಿದ್ದ.

"ಅಕಿ ತಾಯಿನ್ನ ಒಂದು ಮಾತು ಕೇಳ್ತೀನಿ," ಅಂದೆ.

"ಫೋಟೋ ಹಿಗ್ಗಸಾಕ ಹೆಂಗಸರ ಪರ್ಮಿಷನ್ ಬೇಕೇನಲೇ ನಿನಗ? ಕುರುಗೋಡಿನಾಗ ನೀನೊಬ್ಬನೇ ಸ್ಟುಡಿಯೋ ಇಟ್ಟೀಯಾ?" ಅಂದು ಹೊರಟುಹೋದ. ಬೇರೆ ಕಡೆ ಮಾಡಿಸಿದ.

ತಾಯಿ ಬೇಡ ಅಂದಳು. ಬೇಡ ಎಂದು ಎಷ್ಟೋ ದಿನ ಅಂದಳು. ಮದುವೆ ಮುರಿದರೆ ಅದರ ಪಾಪ ನಿನ್ನದು ಎಂದು ಮನೆಯವರೆಲ್ಲ ಅಂದ ಮೇಲೆ ಸುಮ್ಮನಾದಳು. ಸೂತಕದ ಊಟದ ದಿನ ಅವಳು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಅಂಗಳದಲ್ಲಿ ಶಾಮಿಯಾನ ಹಾಕಿ ಎಲೆ ಹಾಕಿದ್ದರು. ನನ್ನ ಎಲೆಗೂ ಅನ್ನ ಬಡಿಸಿಯಾಗಿತ್ತು. ನಾನು ಎರಡನೇ ಪಂಕ್ತಿಯ ತುದಿಯಲ್ಲಿ, ಬಾಗಿಲಿಗೆ ಹತ್ತಿರ ಕೂತಿದ್ದೆ. ನನ್ನ ಎದುರಿಗೆ ಅವಳ ಗುಂಪಿನ ಹೆಂಗಸರು ಕೂತಿದ್ದರು. ಆ ಊಟಕ್ಕೆ ಕೊನೆಯೂರಿನವರನ್ನೂ ಕರೆದಿದ್ದರು, ಕರೆಯದೆ ಇರುವಂತಿರಲಿಲ್ಲ. ಅವರಲ್ಲಿ ಹಿರಿಯ ಒಬ್ಬನೇ ಬಂದ. ಬೇಲಿಯ ಹೊರಗೇ ನಿಂತ.

"ಒಳಗ ಬರ್ರಿ ಕಾಕಾ, ಕಾಲು ತೊಳಕಳ್ರಿ," ಎಂದು ದೊಡ್ಡಪ್ಪ ನೀರಿನ ತಂಬಿಗೆ ಹಿಡಿದು ಹೋದ.

"ತೊಳಿಯಂಗಿಲ್ಲಪ್ಪಾ," ಅಂದ ಹಿರಿಯ. "ನಾ ಉಣ್ಣಾಕ ಬಂದಿಲ್ಲ. ನಮ್ಮೂರಿನವರು ಉಣ್ಣಂಗಿಲ್ಲ ಅಂತ ಹೇಳಾಕ ಬಂದೀನಿ. ನಾವು ಪೂರಾ ನೋಡೀವಿ. ಒಂದು ಗೇಣು ಬಿಟ್ಟಿಲ್ಲ. ಅಮ್ಮಾಯಿ ಇರಲಿಲ್ಲ. ಇಲ್ಲದ ಹೆಣದ ಊಟ ಹೆಂಗ ಉಣ್ಣಾಣ? ನಾಳೆ ಅಕಿ ಬಂದು, ಯಾಕ ಉಂಡೆ ಅಜ್ಜಾ ಅಂದ್ರ, ಏನ್ ಹೇಳಲಿ?"

ಇಷ್ಟು ಹೇಳಿ ತಿರುಗಿ ನಡೆದ. ಆಗ ನನ್ನ ಎದುರಿನ ಪಂಕ್ತಿಯಲ್ಲಿ ಒಬ್ಬ ಹೆಂಗಸು ಎಲೆಯನ್ನು ಮಡಿಚದೆ, ಮುಟ್ಟದೆ, ನೆಲಕ್ಕೆ ಕೈ ಊರಿ ಎದ್ದಳು. ಅವಳ ಪಕ್ಕದವಳು ಎದ್ದಳು. ಹಚ್ಚುವ ಗುಂಪಿನವರು ಎಲ್ಲರೂ ಎದ್ದರು. ಒಬ್ಬಳು ಮುಂದೆ ಅಲ್ಲ, ಒಬ್ಬಳು ಹಿಂದೆ ಅಲ್ಲ. ಆಮೇಲೆ ಗಂಡಸರ ಪಂಕ್ತಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಎದ್ದರು. ನಾನೂ ಎದ್ದೆ. ಬಡಿಸುವವನು ಸಾರಿನ ಬಕೆಟ್ಟು ಹಿಡಿದುಕೊಂಡು ನಡುವೆ ನಿಂತಿದ್ದ. ಕೊನೆಗೆ ತಂದೆ ಹೋಗಿ ಫೋಟೋದ ಮೇಲಿನ ಹಾರ ತೆಗೆದ. ಒಳಗಿನಿಂದ ತಾಯಿ ಹೊರಗೆ ಬಂದು ಎಲೆಗಳನ್ನೆಲ್ಲ ನೋಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಕಾಲುವೆಯಲ್ಲಿ ಅವಳು ಅತ್ತಿರಲಿಲ್ಲ.

ಬೀಗರು ಏನೇನೋ ಅಂದರು, ಕೊನೆಗೆ ಒಪ್ಪಿದರು. ಮದುವೆ ಆಯಿತು.

ಕಾಲುವೆಯ ತಳ ಕಂಡ ದಿನ ಅಲ್ಲಿದ್ದವರಲ್ಲಿ ಕೊನೆಯೂರಿನ ಹಿರಿಯ ಈಗಿಲ್ಲ. ಈ ಬೇಸಿಗೆಯಲ್ಲಿ ತೀರಿಕೊಂಡ. ಅವನ ತಿಥಿಯ ಊಟಕ್ಕೆ ಹುಡುಗಿಯ ತಾಯಿ ಹೋಗಿ, ಕಾಲು ತೊಳೆದುಕೊಂಡು, ಪಂಕ್ತಿಯಲ್ಲಿ ಕೂತು ಉಂಡು ಬಂದಳು. ಉಳಿದವರು ಇದ್ದಾರೆ. ನಾನು ಬರೆದದ್ದರಲ್ಲಿ ಯಾರಿಗಾದರೂ ಅನುಮಾನವಿದ್ದರೆ ಅವರನ್ನು ಕೇಳಬಹುದು. ಗೇಟು ಇಳಿಸಿದ ಸೌಡಿ ಕೆಲಸ ಬಿಟ್ಟು ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾನೆ. ಬಸ್ಸಿನ ಡ್ರೈವರ್ ಈಗ ಮೋಕದ ಕಡೆಯ ಬಸ್ಸು ಓಡಿಸುತ್ತಾನೆ. ಕೆಂಚನಗುಡ್ಡದ ಮೀನುಗಾರರು ಅಲ್ಲೇ ಹೊಳೆಯ ದಂಡೆಯಲ್ಲಿ ಸಿಗುತ್ತಾರೆ. ಅಜ್ಜಿ ಹಲಕುಂದಿಯಲ್ಲಿದ್ದಾಳೆ, ಕಿವಿ ಪೂರಾ ಹೋಗಿದೆ, ಆದರೆ ಕೈ ಹಿಡಿದರೆ ಯಾರು ಎಂದು ಹೇಳುತ್ತಾಳೆ. ಗೇಟಿನ ಚಕ್ರಕ್ಕೆ ಕೈ ಹಾಕಿದ ಕೊನೆಯೂರಿನ ಇಬ್ಬರೂ ಇದ್ದಾರೆ. ತಲೆಯ ಎಡಕ್ಕೆ ತಗ್ಗು ಇರುವವನೂ ಇದ್ದಾನೆ, ಅವನೂ ಅಂದು ತಳಕ್ಕೆ ಇಳಿದಿದ್ದ. ಹಚ್ಚುವ ಗುಂಪಿನ ಹೆಂಗಸರು ಎಲ್ಲರೂ ಇದ್ದಾರೆ. ಅವರ ಮುಂದಾಳು ಇದ್ದಾಳೆ.